ಕರಾವಳಿಯಲ್ಲಿ ಗುಡುಗುಮೋಡದ ಬೆನ್ನು ಹತ್ತುವುದೋ, ನಿಂತು ಕಾಯುವುದೋ?

ದಂಡೆಗಾವಲು:

ನಾಲ್ಕು ಋತುಗಳ ಕಾಲ ಗುಡುಗುಮೋಡಗಳ ಹಿಂದೆ ಕಾರು ಓಡಿಸಿದ ಮೇಲೆ ನನ್ನಲ್ಲಿ ಒಂದು ಅನುಮಾನ ಗಟ್ಟಿಯಾಗಿದೆ, ಅದನ್ನು ಈ ಚರ್ಚಾವೇದಿಕೆಯ ಬಲ್ಲವರ ಮುಂದಿಡುತ್ತಿದ್ದೇನೆ. ಈ ಹವ್ಯಾಸ ಬೆಳೆದದ್ದು ಬಯಲಿನಲ್ಲಿ. ಅದರ ಮೊದಲಿಗರಲ್ಲಿ ಒಬ್ಬರಾದ ಡೇವಿಡ್ ಹೋಡ್ಲಿ 1956ರಲ್ಲಿ ಅಮೆರಿಕದ ಉತ್ತರ ಡಕೋಟದಲ್ಲಿ ಮೋಡಗಳ ಜಾಡು ಹಿಡಿದು ಹೊರಟಾಗ ಅವರ ಸುತ್ತ ಇದ್ದದ್ದು ಸಮತಟ್ಟಾದ ನೆಲ. ಮೋಡ ಯಾವ ಕಡೆ ತಿರುಗಿದರೂ ಕಣ್ಣಿಗೆ ಮರೆಯಾಗುತ್ತಿರಲಿಲ್ಲ. ಕರಾವಳಿಯಲ್ಲಿ ನಮಗೆ ಸಿಗುವುದು ಅರ್ಧ ದಿಕ್ಸೂಚಿ ಮಾತ್ರ, ಉಳಿದರ್ಧ ನೀರು. ಇರುವ ರಸ್ತೆಯೂ ಸಾಮಾನ್ಯವಾಗಿ ದಂಡೆಗೆ ಅಂಟಿಕೊಂಡೇ ಸಾಗುತ್ತದೆ, ಅಳಿವೆ ಬಂದಲ್ಲಿ ಒಂದೇ ಸೇತುವೆಗೆ ಬಂದು ಕೂಡುತ್ತದೆ.

ಕಳೆದ ಋತುವಿನ ಒಂದು ಸಂಜೆ ನಡೆದದ್ದನ್ನು ಹೇಳಿದರೆ ನನ್ನ ಅನುಮಾನದ ಮೂಲ ತಿಳಿಯುತ್ತದೆ. ಒಳನಾಡಿನಲ್ಲಿ ಸುಮಾರು 25 ಕಿ.ಮೀ. ದೂರದಲ್ಲಿ ಚೆನ್ನಾಗಿ ಬೆಳೆದಿದ್ದ ಮೋಡವೊಂದನ್ನು ರೇಡಾರ್ ಚಿತ್ರದಲ್ಲಿ ನೋಡಿ, ಅದರ ಪಕ್ಕಕ್ಕೆ ಹೋಗಿ ನಿಲ್ಲುವ ಲೆಕ್ಕದಲ್ಲಿ ಹೊರಟೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹಿನ್ನೀರು ಇರುವ ಕಿರಿದಾದ ರಸ್ತೆಯದು. ನಾನು ಸೇತುವೆ ತಲುಪುವ ಮೊದಲೇ ಆ ಮೋಡ ಸುರಿದು ಬರಿದಾಗಿತ್ತು. ಮುಗಿಯಿತು ಎಂದು ಕಾರು ತಿರುಗಿಸುವಷ್ಟರಲ್ಲಿ ಒಳನಾಡಿನ ಕಡೆಯಿಂದ, ಮಣ್ಣಿನ ವಾಸನೆ ಹೊತ್ತ ತಣ್ಣನೆಯ ಗಾಳಿ ಬೀಸಿತು. ಇಪ್ಪತ್ತೇ ನಿಮಿಷದಲ್ಲಿ ನನ್ನ ನೆತ್ತಿಯ ಮೇಲೆಯೇ, ರೇಡಾರಿನಲ್ಲಿ ಒಂದು ಚುಕ್ಕೆಯೂ ಇಲ್ಲದ ಜಾಗದಲ್ಲಿ, ಹೊಸ ಮೋಡ ಎದ್ದು ನಿಂತಿತು. ಮಿಂಚು ಕಂಡ ಮೇಲೆ ಗುಡುಗು ಕೇಳಲು ಮೊದಲು 11 ಸೆಕೆಂಡು ಹಿಡಿಯಿತು, ಆಮೇಲೆ 6, ಅದರ ನಂತರದ್ದನ್ನು ಎಣಿಸಲು ಪುರುಸೊತ್ತೇ ಸಿಗಲಿಲ್ಲ. ಕಿಟಕಿಗಳನ್ನು ಏರಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನಲವತ್ತು ನಿಮಿಷ ಕುಳಿತಿದ್ದೆ. ತೆಗೆದ ಚಿತ್ರ ಒಂದೂ ಇಲ್ಲ, ಮಾಡಿಕೊಂಡ ಟಿಪ್ಪಣಿಯೂ ಇಲ್ಲ.

ಹಾಗಾದರೆ ಕರಾವಳಿಯಲ್ಲಿ ಬೆನ್ನಟ್ಟುವುದೇ ತಪ್ಪು ಪದ್ಧತಿಯಲ್ಲವೇ? ಮೋಡ ಎಲ್ಲಿ ಹುಟ್ಟುತ್ತದೆಂದು ಮೊದಲೇ ಅಂದಾಜಿಸಿ, ಅದಕ್ಕೆ ಎದುರಾಗಿ ಒಂದು ಒಳ್ಳೆಯ ಜಾಗ ಹಿಡಿದು ಕಾಯುವುದು ಮೇಲಲ್ಲವೇ?

ಅಡಿಗಲ್ಲು:

ದಂಡೆಗಾವಲು ಅವರೇ, ನಿಮ್ಮ ನೆತ್ತಿಯ ಮೇಲೆ ಮೋಡ ಎದ್ದದ್ದು ಆಕಸ್ಮಿಕವಲ್ಲ. ನೀವು ಅದು ಹುಟ್ಟುವ ಗೆರೆಯ ಮೇಲೆಯೇ ಕಾರು ನಿಲ್ಲಿಸಿದ್ದಿರಿ.

ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ನೀರು ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಬಿಸಿಗಾಳಿ ಹಗುರಾಗಿ ಮೇಲೇರಿದಂತೆ ಸಮುದ್ರದ ತಂಪುಗಾಳಿ ಒಳಕ್ಕೆ ನುಗ್ಗುತ್ತದೆ. ಇದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಓದದೆ ಉಳಿದದ್ದು ಆ ಗಾಳಿಗೆ ಒಂದು ಮುಂಚೂಣಿ ಇದೆ ಎಂಬುದು. ಕೆಲವು ನೂರು ಮೀಟರಿನಿಂದ ಒಂದು ಕಿ.ಮೀ.ವರೆಗೆ ದಪ್ಪವಿರುವ ಈ ತಂಪು ಪದರ ಬೆಣೆಯಂತೆ ಬಿಸಿಗಾಳಿಯ ಅಡಿಗೆ ತೂರಿ ಅದನ್ನು ಮೇಲಕ್ಕೆತ್ತುತ್ತದೆ. ಎತ್ತಿದ ಕಡೆ ದಂಡೆಗೆ ಸಮಾನಾಂತರವಾಗಿ ರಾಶಿಮೋಡಗಳ ಸಾಲು ನಿಲ್ಲುತ್ತದೆ. ಆ ಸಾಲಿನಿಂದ ಸಮುದ್ರದ ಕಡೆಗೆ ಆಕಾಶ ತೊಳೆದಿಟ್ಟಂತೆ ತಿಳಿಯಾಗಿರುತ್ತದೆ. ಈ ಸಾಲನ್ನು ಗುರುತಿಸಲು ಕಲಿತವರಿಗೆ ಅರ್ಧ ಕೆಲಸ ಮುಗಿದಂತೆ. ಒಳನಾಡಿನ ಮೋಡ ಕುಸಿದಾಗ ಅದರಿಂದ ಹೊರಚೆಲ್ಲುವ ತಣ್ಣನೆಯ ಗಾಳಿ ದಂಡೆಯ ಕಡೆಗೆ ಓಡಿಬಂದು ಈ ಮುಂಚೂಣಿಗೆ ಡಿಕ್ಕಿ ಹೊಡೆದರೆ, ಇಬ್ಬದಿಯಿಂದಲೂ ತಳ್ಳಿಸಿಕೊಂಡ ಗಾಳಿಗೆ ಮೇಲೇರದೆ ಬೇರೆ ದಾರಿ ಇರುವುದಿಲ್ಲ. ಆ ಸಂಜೆ ನೀವು ಮೂಗಿನಲ್ಲಿ ಹಿಡಿದದ್ದು ಆ ಡಿಕ್ಕಿಯ ಮುನ್ಸೂಚನೆಯನ್ನು.

ಮುಂಚೂಣಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೇಲುಗಾಳಿ ತೀರ್ಮಾನಿಸುತ್ತದೆ. ನೆಲದಿಂದ ಸಮುದ್ರದ ಕಡೆಗೆ ಹದವಾದ ಎದುರುಗಾಳಿ ಇದ್ದರೆ ಕಡಲಗಾಳಿ ಒಳಕ್ಕೆ ಹೋಗಲಾರದೆ ದಂಡೆಯ ಹತ್ತಿರವೇ ತಡೆದು ನಿಲ್ಲುತ್ತದೆ, ಮುಂಚೂಣಿ ಹರಿತವಾಗುತ್ತದೆ, ಮೋಡಗಳು ದಂಡೆಗೆ ಸಮೀಪದಲ್ಲೇ ಏಳುತ್ತವೆ. ಮೇಲುಗಾಳಿಯೂ ಸಮುದ್ರದಿಂದಲೇ ಬೀಸುತ್ತಿದ್ದರೆ ಮುಂಚೂಣಿ ಮಸುಕಾಗಿ ಒಳನಾಡಿಗೆ ಸರಿದುಹೋಗುತ್ತದೆ, ನೀವು ದಂಡೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕುಳಿತಿರುತ್ತೀರಿ. ಆದ್ದರಿಂದ ಬೆಳಿಗ್ಗೆ ನಾನು ಮೊದಲು ನೋಡುವುದು ರೇಡಾರನ್ನಲ್ಲ, ಒಂದೆರಡು ಕಿ.ಮೀ. ಎತ್ತರದ ಗಾಳಿಯ ದಿಕ್ಕನ್ನು.

ದಂಡೆಯ ಆಕಾರವನ್ನೂ ನಕ್ಷೆಯಲ್ಲಿ ಒಮ್ಮೆ ನೋಡಬೇಕು. ಸಮುದ್ರದೊಳಕ್ಕೆ ಚಾಚಿದ ನೆಲಕ್ಕೆ ಎರಡೂ ಕಡೆಯಿಂದ ಕಡಲಗಾಳಿ ನುಗ್ಗಿ ನಡುವೆ ಕೂಡುತ್ತದೆ. ಫ್ಲಾರಿಡಾ ಪರ್ಯಾಯ ದ್ವೀಪದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಷ್ಟೊಂದು ಸಿಡಿಲು ಬೀಳುವುದಕ್ಕೆ ಇದು ಮುಖ್ಯ ಕಾರಣ. ದ್ವೀಪವಾದರೆ ಗಾಳಿ ಎಲ್ಲ ಕಡೆಯಿಂದಲೂ ಬಂದು ಸೇರುತ್ತದೆ. ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಉತ್ತರದಲ್ಲಿರುವ ತಿವಿ (Tiwi) ದ್ವೀಪಗಳ ಮೇಲೆ ಮಾನ್ಸೂನಿಗೆ ಮುಂಚಿನ ವಾರಗಳಲ್ಲಿ ಹೆಚ್ಚುಕಡಿಮೆ ಪ್ರತಿ ಮಧ್ಯಾಹ್ನ ಎದ್ದು ಸುಮಾರು 20 ಕಿ.ಮೀ. ಎತ್ತರಕ್ಕೆ ಬೆಳೆಯುವ ಮೋಡಕ್ಕೆ ಎರಡನೆಯ ಮಹಾಯುದ್ಧದ ಕಾಲದ ವಿಮಾನ ಚಾಲಕರು ‘ಹೆಕ್ಟರ್’ ಎಂದು ಹೆಸರನ್ನೇ ಇಟ್ಟುಬಿಟ್ಟರು. ಹೊತ್ತಿಗೆ ಸರಿಯಾಗಿ ಬರುವ ಅತಿಥಿಗೆ ಹೆಸರಿಡದೆ ಇರಲಾಗುತ್ತದೆಯೇ?

ನಿಧಾನ ಶಟರ್:

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದು ಹಗಲಿನ ಕಥೆ. ನನ್ನ ಒಳ್ಳೆಯ ಚಿತ್ರಗಳೆಲ್ಲ ರಾತ್ರಿಯವು, ಅದಕ್ಕೆ ಕಾರಣ ಗಾಳಿ ತಿರುಗುವುದು. ರಾತ್ರಿ ನೆಲ ತಣಿದ ಮೇಲೆ ನೆಲಗಾಳಿ ಸಮುದ್ರಕ್ಕೆ ಇಳಿಯುತ್ತದೆ. ದಂಡೆ ಬಿಲ್ಲಿನಂತೆ ಒಳಕ್ಕೆ ಬಾಗಿರುವ ಕೊಲ್ಲಿಯಾದರೆ ಸುತ್ತಲಿನಿಂದ ಇಳಿದ ಗಾಳಿ ನಡುನೀರಿನಲ್ಲಿ ಕೂಡಿಕೊಂಡು, ನಡುರಾತ್ರಿ ಕಳೆದ ಮೇಲೆ ಅಲ್ಲಿ ಮೋಡ ಏಳುತ್ತದೆ. ಸುಮಾತ್ರಾ ದ್ವೀಪಕ್ಕೂ ಮಲಯ ಪರ್ಯಾಯ ದ್ವೀಪಕ್ಕೂ ನಡುವಿನ ಮಲಕ್ಕಾ ಜಲಸಂಧಿಯ ಕಡೆ ರಾತ್ರಿ ಬೆಳೆದು ಬೆಳಗಿನ ಜಾವ ಸಿಂಗಪುರಕ್ಕೆ ಅಪ್ಪಳಿಸುವ ಮೋಡಸಾಲುಗಳಿಗೆ ‘ಸುಮಾತ್ರಾ’ ಎಂದೇ ಹೆಸರು. ವೆನೆಜುವೆಲಾದ ಮಾರಕಾಯ್ಬೊ ಸರೋವರಕ್ಕೆ ಕಾಟಾಟುಂಬೊ ನದಿ ಸೇರುವ ಪ್ರದೇಶದ ಮಿಂಚೂ ಮುಖ್ಯವಾಗಿ ರಾತ್ರಿಯದೇ. ಉಪಗ್ರಹದ 1998ರಿಂದ 2013ರವರೆಗಿನ ದಾಖಲೆಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಆ ಸರೋವರವೇ ಜಗತ್ತಿಗೆ ಮೊದಲನೆಯದಾಗಿ ನಿಂತಿತು: ವರ್ಷಕ್ಕೆ ಪ್ರತಿ ಚದರ ಕಿ.ಮೀ.ಗೆ ಸುಮಾರು 233 ಮಿಂಚು.

ಎರಡನೆಯದಾಗಿ, ಮೋಡವನ್ನು ನೋಡಬೇಕಾದರೆ ಅದರಿಂದ ದೂರವಿರಬೇಕು. ಅಡಿಯಲ್ಲಿ ನಿಂತವನಿಗೆ ಕಾಣುವುದು ಬೂದು ಬಣ್ಣದ ಚಾವಣಿ ಮಾತ್ರ. ಹೂಕೋಸಿನ ತಲೆಯಂತೆ ಉಬ್ಬುವ ಗೋಪುರ, ಅದು ವಾಯುಮಂಡಲದ ಕೆಳಪದರದ ಮೇಲ್ಮಿತಿಗೆ ತಾಗಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುವುದು, ಅದರ ಅಂಚು ನಾರುನಾರಾಗಿ ಹಿಮಕಣಗಳಿಗೆ ತಿರುಗುವುದು, ಇವೆಲ್ಲ 60, 80 ಕಿ.ಮೀ. ಆಚೆ ನಿಂತವರ ಪಾಲಿನ ನೋಟ. 15 ಕಿ.ಮೀ. ಎತ್ತರದ ಮೋಡದ ತಲೆ ಭೂಮಿಯ ಬಾಗನ್ನು ಲೆಕ್ಕ ಹಾಕಿದರೂ 400 ಕಿ.ಮೀ.ಗಿಂತ ದೂರದಿಂದ ದಿಗಂತದ ಮೇಲೆ ಕಾಣಬೇಕು. ಮಬ್ಬು ಅಷ್ಟು ದೂರ ನೋಡಲು ಬಿಡುವುದಿಲ್ಲ ಅಷ್ಟೆ. ಮರ, ಕಟ್ಟಡ, ಗುಡ್ಡ ಯಾವುದೂ ಅಡ್ಡ ಬಾರದ ದಿಗಂತ ಕರಾವಳಿಯಲ್ಲದೆ ಇನ್ನೆಲ್ಲಿ ಸಿಗುತ್ತದೆ? ನಿಮಗೆ ಅರ್ಧ ದಿಕ್ಸೂಚಿ ಕಳೆದುಹೋದದ್ದು ಕಂಡಿತು, ಆ ಅರ್ಧದಲ್ಲಿ ಎಂಥ ನೋಟವಿದೆ ಎಂಬುದು ಕಾಣಲಿಲ್ಲ ಎಂದು ನನ್ನ ಸಣ್ಣ ತಕರಾರು.

ಕ್ಯಾಮೆರಾದ ಬಗ್ಗೆ ಒಂದೇ ಮಾತು. ದಂಡೆಯ ಗಾಳಿಯಲ್ಲಿ ಉಪ್ಪಿರುತ್ತದೆ; ಹತ್ತು ನಿಮಿಷ ತೆರೆದಿಟ್ಟ ಮಸೂರದ ಮೇಲೆ ಕಣ್ಣಿಗೆ ಕಾಣದ ಪೊರೆ ಕೂತು, ಪ್ರತಿ ಮಿಂಚಿನ ಸುತ್ತಲೂ ಪ್ರಭಾವಳಿಯಂತೆ ಬೆಳಕು ಹರಡುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಸಿಹಿನೀರಿನಲ್ಲಿ ತೇವ ಮಾಡಿದ ಬಟ್ಟೆಯನ್ನು ಮೊದಲು ಒತ್ತಿ, ಆಮೇಲೆ ಒಣಗಿದ ಬಟ್ಟೆಯನ್ನು ಬಳಸುವುದು ನನ್ನ ರೂಢಿ.

ಹಾಯಿಪಟ:

ನಾನು ಹವ್ಯಾಸಕ್ಕಾಗಿ ಮೋಡ ನೋಡುವವನಲ್ಲ. ದೋಣಿಯಲ್ಲಿ ಇರುವವನಾದ್ದರಿಂದ ನೋಡದೆ ಗತಿಯಿಲ್ಲ. ಆದ್ದರಿಂದ ನನ್ನ ದೃಷ್ಟಿ ಸ್ವಲ್ಪ ಬೇರೆ.

ನೀರಿನ ಮೇಲೆ ಮಿಂಚು ನೆಲದ ಮೇಲಿನದಕ್ಕಿಂತ ಬಹಳ ಕಡಿಮೆ, ಏಕೆಂದರೆ ಸಮುದ್ರದ ಮೇಲೆ ಗಾಳಿ ನೆಲದ ಮೇಲಿನಷ್ಟು ರಭಸದಿಂದ ಮೇಲೇರುವುದಿಲ್ಲ, ಮೋಡದ ಎತ್ತರದಲ್ಲಿ ಹಿಮಕಣಗಳೂ ಮೃದುವಾದ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುದಂಶ ಬೇರ್ಪಡುವ ಕೆಲಸ ಅಷ್ಟು ಚುರುಕಾಗಿ ನಡೆಯುವುದಿಲ್ಲ. ಆದರೆ ಬಿದ್ದ ಸಿಡಿಲು ಸರಾಸರಿಯಲ್ಲಿ ಹೆಚ್ಚು ಬಲವಾದದ್ದೆಂದು ಅಳತೆಗಳು ತೋರಿಸಿವೆ. ಇನ್ನೊಂದು ಸಂಗತಿಯನ್ನು ಓದಿದಾಗ ನನಗೆ ರೋಮಾಂಚನವಾಗಿತ್ತು: ಹಿಂದೂ ಮಹಾಸಾಗರದ ಪೂರ್ವ ಭಾಗದಲ್ಲೂ ದಕ್ಷಿಣ ಚೀನಾ ಸಮುದ್ರದಲ್ಲೂ ಹಡಗುಗಳು ಒತ್ತಾಗಿ ಸಾಗುವ ಪಥಗಳ ಮೇಲೆ, ಅಕ್ಕಪಕ್ಕದ ಸಮುದ್ರಕ್ಕಿಂತ ಸುಮಾರು ಎರಡು ಪಟ್ಟು ಮಿಂಚು ದಾಖಲಾಗಿದೆ ಎಂದು 2017ರಲ್ಲಿ ಪ್ರಕಟವಾಯಿತು. ಹಡಗಿನ ಹೊಗೆಯ ಸೂಕ್ಷ್ಮ ಕಣಗಳು ಮೋಡದ ಹನಿಗಳನ್ನು ಸಣ್ಣದಾಗಿಸಿ, ಹೆಚ್ಚು ನೀರು ಮೇಲಕ್ಕೇರಿ ಹಿಮವಾಗುವಂತೆ ಮಾಡುತ್ತವೆ ಎಂಬುದು ಅದಕ್ಕೆ ಕೊಟ್ಟ ವಿವರಣೆ.

ನನ್ನ ಸೂಚನೆ ಸರಳ. ಬೀಸುತ್ತಿದ್ದ ಗಾಳಿ ಥಟ್ಟನೆ ಬಿದ್ದುಹೋಗಿ, ಹಾಯಿ ಜೋತುಬಿದ್ದು, ನೀರು ಎಣ್ಣೆ ಸುರಿದಂತೆ ಮಲಗಿದರೆ ಮೋಡದ ಕಡೆ ನೋಡುವ ಅಗತ್ಯವೇ ಇಲ್ಲ, ದಂಡೆ ಸೇರುವ ದಾರಿ ನೋಡಬೇಕು. ಸ್ವಲ್ಪ ಹೊತ್ತಿನಲ್ಲಿ ದೂರದ ನೀರಿನ ಮೇಲೆ ಕಪ್ಪುಗೆರೆಯೊಂದು ಕಾಣುತ್ತದೆ. ಅದು ನೆರಳಲ್ಲ, ಮೋಡದಿಂದ ಇಳಿದ ಗಾಳಿಯ ಮುಂಚೂಣಿ ನೀರನ್ನು ಒರಟಾಗಿಸಿದ ಗೆರೆ. ಆ ಗೆರೆಗೂ ದೋಣಿಗೂ ನಡುವೆ ಎಷ್ಟು ಸಮಯವಿದೆ ಎಂದು ಅಂದಾಜು ಮಾಡಿ ತಪ್ಪಿದವರನ್ನು ನಾನು ಬಲ್ಲೆ. ಜಲಸ್ತಂಭವೂ ಹೀಗೆಯೇ ನೀರಿನ ಮೇಲಿನ ದುಂಡನೆಯ ಕಪ್ಪುಕಲೆಯಾಗಿ ಮೊದಲು ಕಾಣಿಸಿಕೊಳ್ಳುತ್ತದೆ, ಮೋಡದಿಂದ ಇಳಿಯುವ ಸೊಂಡಿಲು ಆಮೇಲಿನದು. ದಯವಿಟ್ಟು ಇವನ್ನು ನೋಡಲೆಂದು ಯಾರೂ ದೋಣಿ ಹತ್ತಬೇಡಿ.

ರೇಡಿಯೊಕಿವಿ:

ರೇಡಾರಿನಲ್ಲಿ ಚುಕ್ಕೆಯೂ ಇರಲಿಲ್ಲ ಎಂದು ಮೂಲ ಬರಹದಲ್ಲಿದೆ. ರೇಡಾರನ್ನು ದೂರುವ ಮೊದಲು ಅದರ ಕಣ್ಣು ಎಲ್ಲಿಗೆ ನೋಡುತ್ತದೆ ಎಂದು ತಿಳಿಯಬೇಕು. ಅತಿ ಕೆಳಗಿನ ಕೋನವಾದ ಅರ್ಧ ಡಿಗ್ರಿಯಲ್ಲಿ ಹೊರಟ ಕಿರಣವೂ ಭೂಮಿಯ ಬಾಗಿನಿಂದಾಗಿ 150 ಕಿ.ಮೀ. ದೂರ ತಲುಪುವಾಗ ಸುಮಾರು ಎರಡೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ಕಡಲಗಾಳಿಯ ಪದರ ಇರುವುದು ಒಂದು ಕಿ.ಮೀ.ಗಿಂತ ಕೆಳಗೆ, ಹೀಗಾಗಿ ಇಡೀ ನಾಟಕ ಕಿರಣದ ಅಡಿಯಲ್ಲೇ ನಡೆದುಹೋಗುತ್ತದೆ. ರೇಡಾರ್ ಹತ್ತಿರವಿದ್ದರೆ ಮಾತ್ರ ಮುಂಚೂಣಿ ತೆಳ್ಳನೆಯ ದಾರದಂತೆ ಕಾಣುತ್ತದೆ, ಅದೂ ಬಹುಮಟ್ಟಿಗೆ ಮೇಲೇರುವ ಗಾಳಿಗೆ ಸಿಕ್ಕಿ ಗುಂಪುಗೂಡಿದ ಹುಳುಗಳ ಕೃಪೆಯಿಂದ. ಆ ಹುಳುಗಳನ್ನು ತಿನ್ನಲು ಅಂಬರಗುಬ್ಬಿಯಂಥ ಹಕ್ಕಿಗಳು ಗೆರೆಯುದ್ದಕ್ಕೂ ಸುತ್ತುತ್ತವೆ. ನಾನು ರೇಡಾರಿಗಿಂತ ಮೊದಲು ಅವುಗಳನ್ನು ನಂಬುತ್ತೇನೆ. ಕರಾವಳಿಯ ರೇಡಾರಿಗೆ ಇನ್ನೊಂದು ರೋಗವೂ ಇದೆ. ತಂಪು ನೀರಿನ ಮೇಲೆ ಬಿಸಿ ಒಣಗಾಳಿಯ ಪದರ ಕೂತ ದಿನ ಕಿರಣ ಕೆಳಕ್ಕೆ ಬಾಗಿ ಸಮುದ್ರವನ್ನೇ ಮುಟ್ಟಿ ಹಿಂತಿರುಗುತ್ತದೆ, ಆಗ ಪರದೆಯ ಮೇಲೆ ಇಲ್ಲದ ಮಳೆ ಕಾಣುತ್ತದೆ. ಉಪಗ್ರಹ ಚಿತ್ರದಲ್ಲಿ ಆ ಜಾಗ ಖಾಲಿಯಿದ್ದರೆ ಅದನ್ನು ಮರೆತುಬಿಡಿ.

ನನ್ನ ಉಪಕರಣ ಹಳೆಯ ಮಧ್ಯಮ ತರಂಗಾಂತರದ ರೇಡಿಯೊ. ಯಾವ ನಿಲಯವೂ ಇಲ್ಲದ ಕಡೆ ಮುಳ್ಳನ್ನು ನಿಲ್ಲಿಸಿದರೆ ಪ್ರತಿ ಮಿಂಚೂ ‘ಚರ್ರ್’ ಎಂದು ಕೇಳಿಸುತ್ತದೆ. ಮೊದಲು ಬಾಣಲೆಯಲ್ಲಿ ಸಾಸಿವೆ ಒಂದೊಂದಾಗಿ ಸಿಡಿದಂತೆ, ಮೋಡ ಬಲಿತಂತೆ ನಡುವೆ ಬಿಡುವಿಲ್ಲದ ಹಾಗೆ. ಮಿಂಚು ಹೊಮ್ಮಿಸುವ ಇನ್ನೂ ಕಡಿಮೆ ಆವರ್ತನದ ಅಲೆಗಳು ಬಹಳ ದೂರ ಸಾಗುತ್ತವೆ. ಅವು ಬೇರೆ ಬೇರೆ ಕೇಂದ್ರಗಳನ್ನು ತಲುಪಿದ ಸಮಯದ ಅಂತರದಿಂದ ಮಿಂಚಿನ ಜಾಗವನ್ನು ಲೆಕ್ಕ ಹಾಕುವ ಜಾಲಗಳಿವೆ. ಬ್ಲಿಟ್ಸೋರ್ಟುಂಗ್ ಎಂಬುದು ಹವ್ಯಾಸಿಗಳೇ ಮನೆಗಳಲ್ಲಿ ಉಪಕರಣ ಇಟ್ಟು ನಡೆಸುವ ಅಂಥ ಜಾಲ. ಆದರೆ ಅಂತರ್ಜಾಲ ಕೈಕೊಟ್ಟಾಗಲೂ ರೇಡಿಯೊ ಚರಗುಟ್ಟುತ್ತದೆ.

ದಂಡೆಗಾವಲು:

ಎಲ್ಲರಿಗೂ ಕೃತಜ್ಞತೆಗಳು. ನಿಧಾನ ಶಟರ್ ಅವರ ತಕರಾರು ನ್ಯಾಯವಾದದ್ದು. ಒಂದು ಪ್ರಶ್ನೆ ಉಳಿದಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಮೂರು ಸೆಕೆಂಡಿಗೆ ಒಂದು ಕಿ.ಮೀ. ಎಂದು ಎಣಿಸುತ್ತೇನೆ. ಹಗಲಿನಲ್ಲಿ ಒಳನಾಡಿನ ಮೋಡದ ಗುಡುಗು 10 ಕಿ.ಮೀ. ಆಚೆ ಇದ್ದರೂ ಕೇಳಿಸದೆ ಹೋಗಿದೆ. ರಾತ್ರಿ ಸಮುದ್ರದ ಕಡೆಯಿಂದ 60 ಸೆಕೆಂಡಿನ ನಂತರವೂ ಗುಡುಗು ಕೇಳಿದ್ದೇನೆ. ನನ್ನ ಕಿವಿಯ ದೋಷವೇ?

ಅಡಿಗಲ್ಲು:

ನಿಮ್ಮ ಕಿವಿ ಸರಿಯಾಗಿದೆ. ಶಬ್ದ ಬಿಸಿಗಾಳಿಯಲ್ಲಿ ವೇಗವಾಗಿಯೂ ತಂಪುಗಾಳಿಯಲ್ಲಿ ನಿಧಾನವಾಗಿಯೂ ಸಾಗುತ್ತದೆ. ಹಗಲು ಕಾದ ನೆಲದ ಮೇಲೆ ಬಿಸಿ ಕೆಳಗೆ, ತಂಪು ಮೇಲೆ ಇರುವುದರಿಂದ ಶಬ್ದದ ಅಲೆ ಮೇಲಕ್ಕೆ ಬಾಗಿ ನಿಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ. ತಂಪು ಪದರ ಕೆಳಗಿದ್ದರೆ ಅಲೆ ಮತ್ತೆ ಮತ್ತೆ ಕೆಳಕ್ಕೆ ಬಾಗಿ, ನೀರಿನ ಮೇಲೆ ಜಾರಿಕೊಂಡು ದೂರದವರೆಗೆ ಬರುತ್ತದೆ. ಆದ್ದರಿಂದಲೇ ಗುಡುಗು ಕೇಳಿಸಲಿಲ್ಲ ಎಂಬುದನ್ನು ಸುರಕ್ಷತೆಯ ಪುರಾವೆಯಾಗಿ ಎಣಿಸಬಾರದು. ಮೋಡದ ಚಪ್ಪಟೆ ತಲೆಯ ಅಂಚಿನಿಂದಲೋ ಅದರ ಪಕ್ಕದಿಂದಲೋ ಹೊರಟ ಸಿಡಿಲು 15 ಕಿ.ಮೀ.ಗೂ ಮಿಕ್ಕಿ ಅಡ್ಡಲಾಗಿ ಸಾಗಿ, ನೀಲಿ ಆಕಾಶದ ಅಡಿಯಲ್ಲಿ ನಿಂತವರ ಮೇಲೆ ಬಿದ್ದ ಉದಾಹರಣೆಗಳಿವೆ. ವಿಶ್ವ ಹವಾಮಾನ ಸಂಸ್ಥೆ ಒಪ್ಪಿಕೊಂಡ ದಾಖಲೆಗಳಲ್ಲಿ 2020ರ ಏಪ್ರಿಲ್ 29ರಂದು ಅಮೆರಿಕದ ದಕ್ಷಿಣದಲ್ಲಿ, ಮೆಕ್ಸಿಕೊ ಕೊಲ್ಲಿಯ ದಂಡೆಯ ರಾಜ್ಯಗಳ ಮೇಲೆ, ಒಂದೇ ಮಿಂಚು 768 ಕಿ.ಮೀ. ಚಾಚಿದ್ದಿದೆ. ಆ ಸಂಸ್ಥೆ 2025ರಲ್ಲಿ ಒಪ್ಪಿಕೊಂಡ, 2017ರ ಅಕ್ಟೋಬರಿನ ಮಿಂಚು ಇನ್ನೂ ಉದ್ದ: 829 ಕಿ.ಮೀ.

ಇಲ್ಲಿ ಒಂದು ಮಾತನ್ನು ಖಾರವಾಗಿಯೇ ಹೇಳುತ್ತೇನೆ. ನಿಂತು ಕಾಯುವುದು ಎಂದರೆ ಮರಳಿನ ಮೇಲೆ ನಿಂತು ಕಾಯುವುದಲ್ಲ. ಖಾಲಿ ದಂಡೆಯಲ್ಲಿ ಸುತ್ತಲಿನ ಅತಿ ಎತ್ತರದ ವಸ್ತು ನೀವೇ, ಇಲ್ಲವೇ ನಿಮ್ಮ ಟ್ರೈಪಾಡ್. ಸಿಡಿಲಿನ ವಿದ್ಯುತ್ತನ್ನು ಅಳೆಯಲು ಹೊರಟ ಗೆಯೋರ್ಗ್ ರಿಖ್ಮನ್ 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತನ್ನ ಉಪಕರಣದ ಮುಂದೆಯೇ ಸತ್ತರು. ಟಿಮ್ ಸಮಾರಸ್ ದಶಕಗಳ ಅನುಭವವಿದ್ದ, ಎಚ್ಚರಿಕೆಗೆ ಹೆಸರಾದ ಸಂಶೋಧಕರು. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿ ದಿಕ್ಕು ಬದಲಿಸಿ ಹಿಗ್ಗಿದ ಸುಂಟರಗಾಳಿ ಅವರನ್ನೂ ಅವರ ಮಗನನ್ನೂ ಸಹೋದ್ಯೋಗಿಯನ್ನೂ ಬಲಿ ತೆಗೆದುಕೊಂಡಿತು. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರವಾದರೆ ಕಟ್ಟಡದೊಳಗೆ ಅಥವಾ ಲೋಹದ ಮೈಯ ಮುಚ್ಚಿದ ಕಾರಿನೊಳಗೆ ಇರಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಕಂಬಗಳ ಮೇಲೆ ನಿಂತ ತೆರೆದ ಚಪ್ಪರ ಕಟ್ಟಡವಲ್ಲ.

ನಿಧಾನ ಶಟರ್:

ಒಪ್ಪಿದೆ. ನಾನೀಗ ಕ್ಯಾಮೆರಾವನ್ನು ಹೊರಗೆ ಬಿಟ್ಟು ಕಾರಿನೊಳಗೆ ಕೂರುತ್ತೇನೆ. ಅದು ತನ್ನಷ್ಟಕ್ಕೆ ತಾನು ಒಂದರ ಹಿಂದೊಂದು ಚಿತ್ರ ತೆಗೆಯುತ್ತಿರುತ್ತದೆ. ಸುಟ್ಟರೆ ಕ್ಯಾಮೆರಾ ಸುಡಲಿ. ಆದರೆ ದಂಡೆಯುದ್ದಕ್ಕೂ ಐದಾರು ಕಿ.ಮೀ. ಸರಿದು ಕೋನ ಬದಲಿಸುವ ನನ್ನ ಚಾಳಿಯನ್ನು ಮಾತ್ರ ಬಿಡಲಾರೆ. ಅದನ್ನು ಬೆನ್ನಟ್ಟುವುದು ಎನ್ನುವುದಾದರೆ ನಾನು ಇನ್ನೂ ಬೆನ್ನಟ್ಟುವವನೇ.

ದಂಡೆಗಾವಲು:

ಇಲ್ಲಿ ಓದಿದ್ದನ್ನು ನಿನ್ನೆ ಪ್ರಯೋಗ ಮಾಡಿದೆ. ಬೆಳಿಗ್ಗೆ ಒಂದೂವರೆ ಕಿ.ಮೀ. ಎತ್ತರದಲ್ಲಿ ನೆಲದ ಕಡೆಯಿಂದ ಹದವಾದ ಗಾಳಿ ಇತ್ತು, ಆದ್ದರಿಂದ ಮುಂಚೂಣಿ ಹತ್ತಿರವೇ ನಿಲ್ಲಬಹುದೆಂದು ಊಹಿಸಿ, ಸೇತುವೆಯ ಆಚೆಗಿನ ತೆರೆದ ಜಾಗದಲ್ಲಿ, ಹಿಂದೆ ಸರಿಯಲು ಎರಡು ದಾರಿ ಇರುವಲ್ಲಿ ಕಾರು ನಿಲ್ಲಿಸಿದೆ. ಮಧ್ಯಾಹ್ನ 1:10ಕ್ಕೆ ಗಾಳಿ ತಿರುಗಿತು. ಹತ್ತೇ ನಿಮಿಷದಲ್ಲಿ ಉಷ್ಣತೆ ಮೂರು ಡಿಗ್ರಿ ಇಳಿದು, ಕನ್ನಡಕದ ಗಾಜು ಜಿಗುಟಾಯಿತು. 2:35ರ ಹೊತ್ತಿಗೆ ನನ್ನಿಂದ ಒಳಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ಕಿ.ಮೀ. ದೂರದಲ್ಲಿ ಮೋಡದ ಸಾಲು ಸ್ಪಷ್ಟವಾಗಿತ್ತು, ಆ ಕಡೆಗೆ ಹಕ್ಕಿಗಳು ಹೋಗಿ ಬಂದು ಮಾಡುತ್ತಿದ್ದವು. ಯಾವ ಜಾತಿಯವೆಂದು ಗುರುತಿಸಲಾಗಲಿಲ್ಲ. 3:50ಕ್ಕೆ ರೇಡಿಯೊದಲ್ಲಿ ಮೊದಲ ಸಿಡಿತ, ಆಗಿನ್ನೂ ರೇಡಾರ್ ಚಿತ್ರ ಖಾಲಿಯಿತ್ತು. 4:20ಕ್ಕೆ ಮಿಂಚು ಗುಡುಗುಗಳ ಅಂತರ 28 ಸೆಕೆಂಡಾದಾಗ ಕಾರಿನೊಳಗೆ ಸೇರಿಕೊಂಡೆ, ಅಲ್ಲಿಂದಲೇ ಪೂರ್ತಿ ನೋಡಿದೆ.

ಕೊನೆಯ ಗುಡುಗು ಕೇಳಿದ್ದು 7:20ಕ್ಕೆ, 44 ಸೆಕೆಂಡಿನ ನಂತರ. 7:50ಕ್ಕೆ ಹೊರಗಿಳಿದಾಗ ನೆಲಗಾಳಿ ಇನ್ನೂ ಶುರುವಾಗಿರಲಿಲ್ಲ, ರೇಡಿಯೊ ಸುಮ್ಮನಿತ್ತು. ಮನೆಗೆ ಹೊರಡುವ ಮುನ್ನ ಮತ್ತೊಮ್ಮೆ ಮುಳ್ಳು ತಿರುಗಿಸಿದಾಗ ಒಂದು ಸಾಸಿವೆ ಸಿಡಿಯಿತು, ಆಮೇಲೆ ಇನ್ನೊಂದು. ಈ ಬಾರಿ ಅದು ಕಡಲ ಕಡೆಯದಿರಬೇಕು.